ದಂಡ ಕಟ್ಟಿದ ಮೇಲೂ ಉಳಿಯುವ ಲೆಕ್ಕ: ಕುಡಿದು ಗಾಡಿ ಓಡಿಸಿದವರ ಹೊಣೆ ಏನು?

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನಿಗೆ ಕೋಲಾರದ ಕಡೆ ಸುತ್ತಲಿನವರು ಮೊದಲು ಹೇಳುವ ಮಾತು: ‘ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಿ ಬಾರಣ್ಣ, ಮುಗೀತದೆ.’ ಹೇಳುವವರದ್ದು ಕೆಟ್ಟ ಮನಸ್ಸಲ್ಲ. ಗಾಡಿ ಠಾಣೆಯಲ್ಲಿ ನಿಂತಿದೆ, ನಾಳೆ ಬಾಡಿಗೆ ಇದೆ, ಮನೆಯಲ್ಲಿ ಮಾತು ನಿಂತಿದೆ. ಬೇಗ ಮುಗಿದರೆ ಸಾಕು ಅನಿಸುವುದು ಸಹಜ. ಆದರೆ ಆ ದಂಡ ಒಂದು ರಾತ್ರಿಯದು. ಸಿಕ್ಕಿಬೀಳದ ರಾತ್ರಿಗಳು ಅದರಲ್ಲಿ ಸೇರಿಲ್ಲ. ಹಿಂದೆ ಮಗುವನ್ನು ಕೂರಿಸಿಕೊಂಡು ಬಂದದ್ದು, ಹೈವೇಯಲ್ಲಿ ಎದುರಿನ ಲಾರಿ ಲೈಟ್ ಹೊಡೆದು ಪಕ್ಕಕ್ಕೆ ಸರಿದದ್ದು, ಮನೆ ಹೇಗೆ ಮುಟ್ಟಿದೆ ಎಂದು ಬೆಳಿಗ್ಗೆ ನೆನಪೇ ಇಲ್ಲದ್ದು, ಇವು ಯಾವ ರಸೀದಿಯಲ್ಲೂ ಬರುವುದಿಲ್ಲ.

‘ಇನ್ಮೇಲೆ ಕುಡಿದಾಗ ಗಾಡಿ ಮುಟ್ಟಲ್ಲ’ ಎಂಬ ಮಾತನ್ನೂ ಎಲ್ಲರೂ ಕೊಡುತ್ತಾರೆ, ಮನಸಾರೆ ಕೊಡುತ್ತಾರೆ. ಕೊಡುವುದು ಬೆಳಿಗ್ಗೆ, ಎಚ್ಚರದಲ್ಲಿ. ಉಳಿಸಿಕೊಳ್ಳಬೇಕಾದ್ದು ರಾತ್ರಿ ಹತ್ತಕ್ಕೆ, ಎರಡು ನೈಂಟಿ ಒಳಗೆ ಇಳಿದ ಮೇಲೆ. ‘ನನಗೆ ಎಷ್ಟು ಏರಿದೆ’ ಎಂದು ಅಳೆಯುವ ಶಕ್ತಿಯನ್ನು ಮದ್ಯ ಎಲ್ಲಕ್ಕಿಂತ ಮೊದಲು ಕೆಡಿಸುತ್ತದೆ. ಹಾಗಾಗಿ ಆ ಮಾತು ತಪ್ಪುವುದು ಮನುಷ್ಯ ಕೆಟ್ಟವನಾಗಿರುವುದರಿಂದಲ್ಲ. ಅದನ್ನು ಕಾಯುವ ಕೆಲಸವನ್ನು ಕುಡಿದ ತಲೆಗೇ ವಹಿಸಿರುವುದರಿಂದ. ಒಮ್ಮೆ ಎಡವಿದವನು ಕೀಲಿಯನ್ನು ಮೊದಲೇ ಬೇರೆಯವರ ಕೈಗೆ ಕೊಟ್ಟು ಪಾರಾಗಬಹುದು. ಕುಡಿತ ಅಂಟಿಕೊಂಡವನಿಗೆ ಅದು ಸಾಲದು, ಅವನು ಕುಡಿತವನ್ನೇ ಬಿಡಬೇಕು. ಹೊಣೆ ಹೊರುವುದು ಅಂದರೆ ಕಾನೂನು, ಮನೆ, ದೇಹ ಈ ಮೂರು ಕಡೆ ವರ್ಷಗಟ್ಟಲೆ ಮಾಡುವ ಕೆಲಸ ಎಂಬುದು ಈ ಲೇಖನದ ನಿಲುವು.

ಲೋಟದ ಲೆಕ್ಕ

ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಇದು ಎಷ್ಟು ಕಡಿಮೆ ಎಂದು ಹೆಚ್ಚಿನವರಿಗೆ ಅಂದಾಜಿಲ್ಲ. ವಿಸ್ಕಿ, ರಮ್, ಬ್ರಾಂದಿ ಯಾವುದೇ ಇರಲಿ, ನಮ್ಮಲ್ಲಿ ಸಾಮಾನ್ಯವಾಗಿ ಅದರ ಬಲ ಶೇ 42.8. ಆ ಲೆಕ್ಕದಲ್ಲಿ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. 90 ಮಿಲಿ ಪ್ಯಾಕೆಟ್ಟಿನಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ, ಅಂದರೆ 180 ಮಿಲಿಯಲ್ಲಿ, 60 ಗ್ರಾಂ. 70 ಕೆಜಿ ತೂಕದ ಗಂಡಸು ಒಂದು 60 ಮಿಲಿ ಬೇಗ ಕುಡಿದರೆ ರಕ್ತದ ಮಟ್ಟ 40ರ ಆಸುಪಾಸು ಮುಟ್ಟಬಲ್ಲದು. ಒಂದು ಕ್ವಾರ್ಟರ್ ಇಳಿದರೆ 125ರ ಹತ್ತಿರ. ಮಿತಿಯ ನಾಲ್ಕು ಪಟ್ಟು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ, ಆದ್ದರಿಂದ ಅಷ್ಟೇ ಕುಡಿದರೂ ಮಟ್ಟ ಇನ್ನೂ ಏರುತ್ತದೆ.

‘ಬರೀ ಬೀರ್ ಕಣಣ್ಣ’ ಎಂಬ ಸಮಾಧಾನವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. 650 ಮಿಲಿಯ ಸ್ಟ್ರಾಂಗ್ ಬೀರ್ ಶೇ 7ರಿಂದ 8ರ ಬಲದ್ದಾದರೆ ಒಂದು ಬಾಟಲಿಯಲ್ಲಿ 36ರಿಂದ 41 ಗ್ರಾಂ ಮದ್ಯಸಾರ ಇರುತ್ತದೆ. ಒಂದು ನೈಂಟಿಗಿಂತ ಅದೇ ಜಾಸ್ತಿ.

ಏರಿದ್ದು ಇಳಿಯುವುದು ನಿಧಾನ. ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂ ಮಟ್ಟವನ್ನು ಇಳಿಸುತ್ತದೆ, ಕೆಲವರಲ್ಲಿ 20. ಮಜ್ಜಿಗೆ, ನಿಂಬೆಹಣ್ಣಿನ ರಸ, ಕಾಫಿ, ತಣ್ಣೀರ ಸ್ನಾನ, ವಾಂತಿ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ಎಚ್ಚರವಾದಂತೆ ಅನಿಸುತ್ತದೆ, ರಕ್ತದಲ್ಲಿರುವುದು ಹಾಗೇ ಇರುತ್ತದೆ. ರಾತ್ರಿ 11ಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನ ಮಟ್ಟ 250ರ ಹತ್ತಿರ ಇರಬಹುದು. ಅದು 30ಕ್ಕೆ ಬರಲು 14 ಗಂಟೆಗೂ ಹೆಚ್ಚು ಬೇಕು. ಅಂದರೆ ಮರುದಿನ ಮಧ್ಯಾಹ್ನ ಊಟದ ಹೊತ್ತಿಗೂ ಅವನು ಕಾನೂನಿನ ಕಣ್ಣಲ್ಲಿ ಕುಡಿದ ಚಾಲಕನೇ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಈ ಮಾತು ಬೇರೆಲ್ಲಕ್ಕಿಂತ ಮುಖ್ಯ. ಇಲ್ಲಿನ ದುಡಿಮೆ ನಡೆಯುವುದೇ ನಸುಕಿನಲ್ಲಿ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಕ್ರೇಟ್ ಹೇರಿಕೊಂಡ ಪಿಕಪ್‌ಗಳು ಕತ್ತಲಲ್ಲೇ ಹೊರಡುತ್ತವೆ. ಹಾಲಿನ ವ್ಯಾನ್, ಹೂವಿನ ಗಾಡಿ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಒಯ್ಯುವ ಆಟೋ ಎಲ್ಲದರದ್ದೂ ಅದೇ ಹೊತ್ತು. ಲೋಡಿಂಗ್ ಮುಗಿದ ಮೇಲೆ ಕೂಲಿಯ ಜೊತೆ ಕ್ವಾರ್ಟರ್ ಕೊಡಿಸುವ ರೂಢಿ ಎಷ್ಟೋ ಕಡೆ ಇನ್ನೂ ಇದೆ. ನಾಲ್ಕು ಗಂಟೆ ನಿದ್ದೆ ಮಾಡಿ, ಮುಖ ತೊಳೆದು, ವಿಭೂತಿ ಇಟ್ಟುಕೊಂಡು ಸ್ಟೇರಿಂಗ್ ಹಿಡಿದವನು ತಾನು ಕುಡಿದಿಲ್ಲ ಎಂದೇ ನಂಬಿರುತ್ತಾನೆ. ಹಳೆಯ ರಾತ್ರಿಗಳನ್ನು ಎಣಿಸುವಾಗ ಈ ಬೆಳಗುಗಳನ್ನೂ ಎಣಿಸಬೇಕು.

ಕೇಸಾದ ಮೇಲೆ

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಓಡಿಸುವುದನ್ನಷ್ಟೇ ಅಲ್ಲ, ಓಡಿಸಲು ಯತ್ನಿಸುವುದನ್ನೂ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ ₹10,000 ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, ಅಥವಾ ₹15,000, ಅಥವಾ ಎರಡೂ. ಇದು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಸ್ಥಳದಲ್ಲೇ ‘ಸೆಟ್ಲ್’ ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಕೊಟ್ಟದ್ದು ಲಂಚ. ಊದಲು ನಿರಾಕರಿಸುವುದೂ ಜಾಣತನವಲ್ಲ. ಸಕಾರಣವಿಲ್ಲದೆ ನಿರಾಕರಿಸಿದರೆ ಅದನ್ನೇ ಚಾಲಕನ ವಿರುದ್ಧ ಪರಿಗಣಿಸಲು 205ನೇ ಕಲಂ ಅವಕಾಶ ಕೊಡುತ್ತದೆ. ಈಗಷ್ಟೇ ಮೌತ್‌ವಾಶ್ ಹಾಕಿಕೊಂಡಿದ್ದೆ, ಕೆಮ್ಮಿನ ಸಿರಪ್ ಕುಡಿದಿದ್ದೆ ಎಂಬುದು ನಿಜವಾದರೆ 15 ನಿಮಿಷ ಬಿಟ್ಟು ಮತ್ತೆ ಊದಿಸಿ ಎಂದು ಕೇಳಬಹುದು. ಬಾಯಲ್ಲಿ ಉಳಿದ ಮದ್ಯಸಾರ ಅಷ್ಟರಲ್ಲಿ ಹೋಗಿರುತ್ತದೆ. ರಕ್ತದಲ್ಲಿರುವುದು ಹೋಗಿರುವುದಿಲ್ಲ.

ದಂಡದ ಗಲಾಟೆಯಲ್ಲಿ ಹಲವರು ಮರೆಯುವುದು ಲೈಸೆನ್ಸನ್ನು. ಪೊಲೀಸರು ಅದನ್ನು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬೇಕು. ಅಲ್ಲಿಂದ ನೋಟಿಸು ಬರುತ್ತದೆ, ವಿವರಣೆ ಕೊಡಲು ಅವಕಾಶ ಇರುತ್ತದೆ. ಮೊದಲ ಸಲಕ್ಕೆ 3 ತಿಂಗಳು ಅನರ್ಹತೆ, ಮರುಕಳಿಸಿದರೆ ಲೈಸೆನ್ಸ್ ರದ್ದು. ಅವಧಿ ಮುಗಿದ ಮೇಲೂ ಚಾಲಕರ ಪುನರ್‌ ತರಬೇತಿ ಮುಗಿಸಿದರೆ ಮಾತ್ರ ವಾಪಸ್ ಎಂದು ಕಾಯ್ದೆ ಹೇಳುತ್ತದೆ. ಈ ಮೂರು ತಿಂಗಳಲ್ಲಿ ‘ಹಳ್ಳಿ ರಸ್ತೆ ತಾನೇ’ ಎಂದು ಗಾಡಿ ತೆಗೆದರೆ ಅದು 182ನೇ ಕಲಂನ ಬೇರೆಯೇ ಅಪರಾಧ, ಇನ್ನೊಂದು ₹10,000 ದಂಡ ಅಥವಾ 3 ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಬಾಡಿಗೆ ಗಾಡಿಯವರಿಗೆ ಇದು ಹೊಟ್ಟೆಯ ಪ್ರಶ್ನೆ ಎಂಬುದು ನಿಜ. ಹಾಗಿದ್ದರೂ ಗಾಡಿಗೆ ಬೇರೆ ಚಾಲಕನನ್ನು ಇಟ್ಟು, ತಾನು ಕ್ಲೀನರ್ ಆಗಿಯೋ ಮಂಡಿಯಲ್ಲೋ ದುಡಿದು ಆ ಅವಧಿ ಕಳೆಯುವುದೇ ಸರಿ. ಚಿಕಿತ್ಸೆಗೆ ಬೇಕಾದ ಸಮಯ ಇದರಲ್ಲೇ ಸಿಗುತ್ತದೆ. ಆ ತೊಂಬತ್ತು ದಿನವನ್ನು ಶಿಕ್ಷೆ ಎಂದು ಕಳೆದವನಿಗಿಂತ ಆಸ್ಪತ್ರೆಗೆ ಹೋಗಲು ಬಳಸಿದವನಿಗೆ ನಿಲ್ಲುವ ಸಾಧ್ಯತೆ ಹೆಚ್ಚು.

ಯಾರಿಗಾದರೂ ಪೆಟ್ಟಾಗಿದ್ದರೆ ವಿಷಯವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ನಿರ್ಲಕ್ಷ್ಯದಿಂದ ಸಾವು ತಂದರೆ 5 ವರ್ಷದವರೆಗೆ ಜೈಲು. ಸಾವು ಆಗಬಹುದೆಂಬ ಅರಿವು ಇತ್ತು ಎಂದು ನ್ಯಾಯಾಲಯ ಕಂಡುಕೊಂಡರೆ 105ನೇ ಕಲಂ, ಅಂದರೆ ಕೊಲೆಯಲ್ಲದ ಮಾನವ ಹತ್ಯೆ, 10 ವರ್ಷದವರೆಗೆ. ಮುಂಬೈನ ಬಾಂದ್ರಾದಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಮಂದಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಈ ಬಗೆಯ, ಹೆಚ್ಚು ಗಂಭೀರವಾದ ಆರೋಪವನ್ನೇ ಎತ್ತಿಹಿಡಿಯಿತು. ‘ಬೇಕಂತ ಮಾಡಿದ್ದಲ್ಲ’ ಎಂಬ ಮಾತು ಆಗ ಸಾಲುವುದಿಲ್ಲ. ಇನ್ಶೂರೆನ್ಸ್ ಕೂಡ ಕೈಬಿಡುತ್ತದೆ: ಸ್ವಂತ ಗಾಡಿಯ ಡ್ಯಾಮೇಜಿಗೆ ಕಂಪನಿ ಹಣ ನಿರಾಕರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೆಟ್ಟು ತಿಂದವರಿಗೆ ಕಂಪನಿ ಕೊಟ್ಟರೂ ಆ ಮೊತ್ತವನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಲು ಹೊರಡಬಹುದು. ಜಮೀನಿನ ಮೇಲೆ ಬರುವ ಹೊರೆ ಅದು.

ಇಂಥ ಹೊತ್ತಿನಲ್ಲಿ ಹೊಣೆ ಎಂಬುದು ಬಹಳ ಸ್ಪಷ್ಟವಾದ ಕೆಲಸಗಳ ರೂಪದಲ್ಲಿ ಎದುರಿಗೆ ನಿಲ್ಲುತ್ತದೆ. ಓಡಿ ಹೋಗದೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂನ ಕರ್ತವ್ಯ. ಆಮೇಲೆ ನಮ್ಮ ಕಡೆ ಹೆಚ್ಚಾಗಿ ನಡೆಯುವ ತಪ್ಪು ಎಂದರೆ ಚಾಲಕನನ್ನು ಬದಲಿಸುವುದು. ಕುಡಿದಿದ್ದ ಅಣ್ಣನ ಬದಲು ಲೈಸೆನ್ಸ್ ಇರುವ ತಮ್ಮ ‘ನಾನೇ ಓಡಿಸುತ್ತಿದ್ದೆ’ ಎಂದು ಹೇಳಿಕೆ ಕೊಡುತ್ತಾನೆ. ಮನೆಯ ಹಿರಿಯರೇ ಇದನ್ನು ಸೂಚಿಸುವುದೂ ಉಂಟು. ಆರೋಪಿಯನ್ನು ಉಳಿಸಲು ಸುಳ್ಳು ಮಾಹಿತಿ ಕೊಡುವುದು ತಾನೇ ಒಂದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೊರಬಿದ್ದ ದಿನ ಪರಿಹಾರದ ಕೇಸು ಅಲ್ಲೇ ಸಿಕ್ಕಿಕೊಂಡು, ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿರುವ ಬಡವನಿಗೆ ದುಡ್ಡು ಬರುವುದು ವರ್ಷಗಟ್ಟಲೆ ತಡವಾಗುತ್ತದೆ. ನಿಜ ಹೇಳಿ, ಆರ್‌ಸಿ, ಪಾಲಿಸಿ, ಲೈಸೆನ್ಸ್ ಪ್ರತಿಗಳನ್ನು ತನಿಖಾಧಿಕಾರಿಗೆ ಕೂಡಲೇ ಒಪ್ಪಿಸುವುದು ಆ ಕುಟುಂಬಕ್ಕೆ ಮಾಡಬಹುದಾದ ಮೊದಲ ಉಪಕಾರ.

ಕ್ಷಮೆ ಕೇಳಲು ನೇರ ಅವರ ಮನೆಗೆ ಹೋಗಬೇಕು ಅನಿಸಬಹುದು. ಕೇಸು ನಡೆಯುತ್ತಿರುವಾಗ ಬೇಡ. ಸಾಕ್ಷಿಗಳನ್ನು ಭೇಟಿಯಾಗಬಾರದು ಎಂಬ ಷರತ್ತು ಜಾಮೀನಿನಲ್ಲೇ ಇರಬಹುದು. ನಿಮ್ಮ ಒಳ್ಳೆಯ ಉದ್ದೇಶ ಅವರಿಗೆ ಬೆದರಿಕೆಯಾಗಿ ಕಾಣಬಹುದು. ಊರ ಪಂಚಾಯ್ತಿಯಲ್ಲಿ ದುಡ್ಡು ಕೊಟ್ಟು ರಾಜಿ ಬರೆಸಿಕೊಂಡರೂ ಸಾವಿನ ಕೇಸು ಅದರಿಂದ ಮುಗಿಯುವುದಿಲ್ಲ. ಚಿಕಿತ್ಸೆಗೆ ಹಣ ಕೊಡಬೇಕೆಂದರೆ ವಕೀಲರ ಮೂಲಕ, ರಸೀದಿ ಸಮೇತ ಕೊಡಿ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಅರ್ಹರಿಗೆ ಉಚಿತ; ಸಹಾಯವಾಣಿ 15100.

ಯಾರೂ ಹಿಡಿಯದ ರಾತ್ರಿಗಳು

ಒಂದು ವರ್ಷದವರೆಗಿನ ಜೈಲುಶಿಕ್ಷೆಯ ಅಪರಾಧಗಳಿಗೆ ಕೇಸು ಹೂಡುವ ಕಾಲಮಿತಿ ಒಂದು ವರ್ಷ. ಯಾರಿಗೂ ಪೆಟ್ಟಾಗದೆ, ಯಾರೂ ಹಿಡಿಯದೆ ಕಳೆದುಹೋದ ಐದು ವರ್ಷ ಹಿಂದಿನ ಸವಾರಿಯನ್ನು ಕಾನೂನು ಇನ್ನು ಕೇಳುವುದಿಲ್ಲ. ಕಾನೂನು ಕೇಳದ ಆ ಸವಾರಿಗಳನ್ನು ಮನೆಯವರು ಮರೆತಿರುವುದಿಲ್ಲ. ಹೆಂಡತಿ ಬಾಗಿಲ ಬಳಿ ಕೂತು ಗಾಡಿ ಸದ್ದಿಗೆ ಕಾದ ರಾತ್ರಿಗಳು ಅವಳಿಗೆ ಲೆಕ್ಕವಿರುತ್ತದೆ. ಅಪ್ಪ ಕರೆದರೆ ಬೈಕ್ ಹತ್ತದೆ ಅಜ್ಜಿಯ ಸೆರಗಿನ ಹಿಂದೆ ಸರಿಯುವ ಮಗು ಏನನ್ನೋ ಕಂಡಿರುತ್ತದೆ.

ಈ ಲೆಕ್ಕವನ್ನು ಬರೆದೇ ಇಡಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಹುಟ್ಟಿದ ಕೂಟ. ಅದರ 12 ಹೆಜ್ಜೆಗಳಲ್ಲಿ ಎಂಟನೆಯದು ನಮ್ಮಿಂದ ನೋವುಂಡವರ ಪಟ್ಟಿ ಮಾಡುವುದು. ಒಂಬತ್ತನೆಯದು ಸಾಧ್ಯವಾದಲ್ಲೆಲ್ಲ ನೇರವಾಗಿ ಸರಿಪಡಿಸುವುದು, ಹಾಗೆ ಮಾಡಿದರೆ ಅವರಿಗೋ ಬೇರೆಯವರಿಗೋ ಮತ್ತೆ ನೋವಾಗುವುದಾದರೆ ಬಿಡುವುದು. ಆ ಕೂಟಕ್ಕೆ ಸೇರದವರೂ ಈ ಕ್ರಮವನ್ನು ಬಳಸಬಹುದು. ಒಂದು ನೋಟ್‌ಬುಕ್ಕಿನಲ್ಲಿ, ನೆನಪಿರುವ ಒಂದೊಂದು ಸವಾರಿಗೂ ನಾಲ್ಕು ಸಾಲು: ಎಲ್ಲಿಂದ ಎಲ್ಲಿಗೆ, ಎಷ್ಟು ಕುಡಿದಿದ್ದೆ, ಗಾಡಿಯಲ್ಲಿ ಯಾರಿದ್ದರು, ಆಮೇಲೆ ಯಾರಿಗೆ ಏನು ಸುಳ್ಳು ಹೇಳಿದೆ. ನಾಲ್ಕನೆಯ ಸಾಲೇ ಕಷ್ಟ. ‘ನಾಯಿ ಅಡ್ಡ ಬಂತು’, ‘ಟೈರ್ ಜಾರಿತು’ ಎಂದು ಹೇಳಿಕೊಂಡು ಬಂದ ಕಥೆಗಳು ಎಷ್ಟೋ ಸಲ ಹೇಳಿದವನಿಗೇ ನಿಜವಾಗಿಬಿಟ್ಟಿರುತ್ತವೆ.

ಮಾತಾಡುವಾಗ ಪೂರ್ತಿ ಎಚ್ಚರದಲ್ಲಿರಬೇಕು, ಕನಿಷ್ಠ ಕೆಲವು ವಾರ ಬಿಟ್ಟಿರಬೇಕು. ಬಿಟ್ಟ ಎರಡನೇ ದಿನವೇ ಅಳುತ್ತಾ ಕಾಲಿಗೆ ಬೀಳುವುದನ್ನು ಮನೆಯವರು ಹಿಂದೆಯೂ ನೋಡಿದ್ದಾರೆ. ‘ಕುಡಿತ ಹಾಗೆ ಮಾಡಿಸ್ತು’ ಎನ್ನಬಾರದು, ‘ನಾನು ಓಡಿಸಿದೆ’ ಎನ್ನಬೇಕು. ‘ಕ್ಷಮಿಸಿಬಿಡು’ ಎಂದು ಆ ಕ್ಷಣದಲ್ಲೇ ಉತ್ತರ ಕೇಳುವುದೂ ಅವಳ ಮೇಲೆ ಇನ್ನೊಂದು ಹೊರೆ. ಏನು ಮಾಡಿದೆ, ಅದರಿಂದ ನಿನಗೇನಾಯಿತು ಎಂದು ನನಗೆ ಗೊತ್ತಿದೆ, ಈಗ ಏನು ಮಾಡುತ್ತಿದ್ದೇನೆ ಎಂದು ಹೇಳಿ ನಿಲ್ಲಿಸಬೇಕು. ದೇವರ ಮೇಲೆ ಆಣೆ, ಮಗಳ ತಲೆ ಮೇಲೆ ಕೈಯಿಟ್ಟು ಪ್ರಮಾಣ ಬೇಡ. ನಾಳೆ ಜಾರಿದರೆ ಆ ಆಣೆಯ ಭಾರಕ್ಕೇ ಮನುಷ್ಯ ಮತ್ತಷ್ಟು ಕುಡಿಯುತ್ತಾನೆ, ಆ ಮಗುವೂ ತನ್ನಿಂದಲೇ ಹೀಗಾಯಿತೇನೋ ಎಂದು ಹೆದರುತ್ತದೆ.

ಬಿಡುವ ಮೊದಲ ವಾರ

ತನ್ನದು ಚಟವೋ ಅಲ್ಲವೋ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರುವ ಸಾಧ್ಯತೆ. ಬೆಳಿಗ್ಗೆ ಕೈ ನಡುಗುವುದು, ನಡುಕ ನಿಲ್ಲಿಸಲು ಒಂದು ಪೆಗ್ ಬೇಕಾಗುವುದು, ಮೊದಲಿನಷ್ಟೇ ಮತ್ತಿಗೆ ಈಗ ದುಪ್ಪಟ್ಟು ಬೇಕಾಗುವುದು ಇದ್ದರೆ ಅಂಕವನ್ನೂ ಕಾಯಬೇಕಿಲ್ಲ. ಇಂಥವರು, ಮತ್ತು ಎರಡನೇ ಸಲ ಕುಡಿದು ಓಡಿಸಿದವರು, ‘ಕಮ್ಮಿ ಮಾಡ್ತೀನಿ’, ‘ಭಾನುವಾರ ಮಾತ್ರ’ ಎಂಬ ಪ್ರಯೋಗಕ್ಕೆ ಇಳಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪೂರ್ತಿ ಬಿಡುವುದು ಕಷ್ಟ, ಆದರೆ ಅದರ ಗೆರೆ ಎಲ್ಲಿದೆ ಎಂದು ದಿನಾ ಸಂಜೆ ತನ್ನೊಡನೆ ತಾನೇ ವಾದ ಮಾಡಬೇಕಾಗಿಲ್ಲ.

ಆದರೆ ದಿನಾ ಹೆಚ್ಚು ಕುಡಿಯುವವನು ಒಮ್ಮೆಲೇ, ಒಬ್ಬನೇ ಬಿಡುವುದು ಅಪಾಯ. ಈ ಭಾಗದಲ್ಲಿ ಇದಕ್ಕೊಂದು ಕಾಲವೇ ಇದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕುವವರು ಹಿಂದಿನ ರಾತ್ರಿಯವರೆಗೆ ಕುಡಿದು, ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ಮಾಲೆ ಧರಿಸುತ್ತಾರೆ. 41 ದಿನದ ವ್ರತ ನಿಜಕ್ಕೂ ದೊಡ್ಡ ಬಲ, ಗುರುಸ್ವಾಮಿ, ಭಜನೆ, ಜೊತೆಗಾರರು ಎಲ್ಲ ಇರುತ್ತಾರೆ. ದೇಹಕ್ಕೆ ಮಾತ್ರ ಅದು ಏಕಾಏಕಿ ನಿಂತ ಮದ್ಯ. ಕೊನೆಯ ಪೆಗ್ಗಿನ 6ರಿಂದ 24 ಗಂಟೆಯಲ್ಲಿ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಹಗಲು ರಾತ್ರಿ ತಿಳಿಯದಾಗುವುದು, ಜ್ವರ, ಎದೆಬಡಿತ ಏರುವುದು ಕಂಡರೆ ಅದು ಜೀವಕ್ಕೇ ಅಪಾಯದ ಸ್ಥಿತಿ. ಅದನ್ನು ದೇವರು ಮೈಮೇಲೆ ಬಂದದ್ದು ಎಂದೋ ಗಾಳಿ ಸೋಕಿದ್ದು ಎಂದೋ ತಿಳಿದು ಕಾಯುತ್ತಾ ಕೂರಬಾರದು, 108ಕ್ಕೆ ಕರೆ ಮಾಡಬೇಕು. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಾಣಬೇಕು.

ಆಸ್ಪತ್ರೆಯಲ್ಲಿ ಮಾಡುವುದು ಸರಳ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಟ್ಟು ಐದರಿಂದ ಹತ್ತು ದಿನದಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್. ಇಲ್ಲೊಂದು ಎಚ್ಚರಿಕೆ. ಸುಸ್ತೆಂದು ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ಮೈಯಲ್ಲಿ ಬಿ1 ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪು, ನಡಿಗೆ, ಕಣ್ಣಿನ ಚಲನೆ ಕೆಡಬಹುದು. ‘ದಿನಾ ಕುಡಿಯುತ್ತಿದ್ದೆ’ ಎಂದು ಡಾಕ್ಟರಿಗೆ ಮರೆಮಾಚದೆ ಹೇಳಬೇಕಾದ್ದು ಇದಕ್ಕೇ. ಮಾತ್ರೆಗಳನ್ನು ನೀವೇ ಮೆಡಿಕಲ್‌ನಲ್ಲಿ ಕೊಂಡು ತಿನ್ನುವುದೂ ಬೇಡ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು, ಮತ್ತು ಅವೇ ಹೊಸ ಚಟವಾಗುತ್ತವೆ.

ಎಲ್ಲಿಗೆ ಹೋಗಬೇಕು? ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಚಿಕ್ಕಬಳ್ಳಾಪುರ ಮತ್ತು ತುಮಕೂರಿನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಷ್ಟದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಎರಡೂ ಉಚಿತ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ 8 ದಿನದ ಮದ್ಯವರ್ಜನ ಶಿಬಿರಗಳಿಂದ ಹಲವರು ಬಿಟ್ಟಿದ್ದಾರೆ. ಅದರ ನಿಜವಾದ ಶಕ್ತಿ ಶಿಬಿರ ಮುಗಿದ ಮೇಲೆ ಕೂಡುವ ನವಜೀವನ ಸಮಿತಿಯಲ್ಲಿದೆ, ಆದ್ದರಿಂದ ಶಿಬಿರ ಮುಗಿಸಿ ಸಮಿತಿಗೆ ಹೋಗದಿರುವುದು ಅರ್ಧ ಔಷಧಿ ತಿಂದಂತೆ. ಕೂಡಿಹಾಕುವ, ಹೊಡೆಯುವ ಖಾಸಗಿ ಕೇಂದ್ರಗಳಿಗೆ ಮಾತ್ರ ಯಾರನ್ನೂ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಡಿ ಇಂಥ ಕೇಂದ್ರಗಳು ನೋಂದಣಿ ಆಗಿರಬೇಕು. ಸೇರಿಸುವ ಮೊದಲು ಆ ಪ್ರಮಾಣಪತ್ರ ಕೇಳಿ ನೋಡಿ.

ಗುಟ್ಟಾಗಿ ಹಾಕುವ ಪುಡಿ

‘ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂಬ ಜಾಹೀರಾತನ್ನು ನಂಬಿ ದುಡ್ಡು ಕಳೆದುಕೊಂಡ ಹೆಂಗಸರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದು. ಆದರೆ ಹೀಗೆ ಮಾರುವ ಪುಡಿಯಲ್ಲಿ ಏನಿದೆ ಎಂದು ಕೊಂಡವರಿಗೆ ತಿಳಿಯುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅದು ಒಳಗಿರುವಾಗ ಕುಡಿದವನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಪ್ರಾಣ ಹೋಗಬಹುದು. ಅವನು ಆ ಹೊತ್ತಿನಲ್ಲಿ ಬೈಕ್ ಮೇಲಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅದೇ ಮಾತ್ರೆ ತಿಳಿದು, ಒಪ್ಪಿ, ಹೆಂಡತಿಯೋ ಅಮ್ಮನೋ ಎದುರಿಗೆ ನಿಂತು ಬೆಳಿಗ್ಗೆ ಕೊಟ್ಟರೆ ಒಳ್ಳೆಯ ಕಾವಲು. ಕೊನೆಯ ಕುಡಿತ ಆಗಿ ಕನಿಷ್ಠ 12 ಗಂಟೆ ಕಳೆದಿರಬೇಕು, ಲಿವರ್ ಪರೀಕ್ಷೆ ಆಗಿರಬೇಕು. ಕೆಲವು ಕೆಮ್ಮಿನ ಸಿರಪ್, ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲೂ ಮದ್ಯಸಾರ ಇರುತ್ತದೆ, ಅವೂ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು. ಆಸೆಯನ್ನೇ ತಗ್ಗಿಸುವ ಔಷಧಿಗಳು ಬೇರೆ ಇವೆ: ನಾಲ್‌ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಆಗುವುದಿಲ್ಲ. ಅಕಾಂಪ್ರೋಸೇಟ್ ಲಿವರಿಗೆ ಹಗುರ, ಆದರೆ ಕಿಡ್ನಿ ಚೆನ್ನಾಗಿರಬೇಕು. ಲಿವರ್ ಹೆಚ್ಚು ಹಾಳಾದವರಿಗೆ ಬ್ಯಾಕ್ಲೊಫೆನ್ ಕೊಡುವುದುಂಟು. ಯಾವುದು ಯಾರಿಗೆ ಎಂಬುದನ್ನು ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು.

ಮಾಲೆ ತೆಗೆದ ಸಂಜೆ

41 ದಿನ ಬಿಟ್ಟವನು ಮಾಲೆ ತೆಗೆದ ಸಂಜೆಯೇ ಕುಡಿಯುವುದು ಎಲ್ಲರೂ ಕಂಡ ಸಂಗತಿ. ವ್ರತ ಇದ್ದಷ್ಟು ದಿನ ‘ಸ್ವಾಮಿ’ ಎಂದು ಕರೆಯುತ್ತಿದ್ದವರೇ ಅಂದು ‘ಬಾರಪ್ಪಾ, ಇವತ್ತೊಂದಿನ’ ಎನ್ನುತ್ತಾರೆ. ನಿಲ್ಲಿಸುವುದು ಒಂದು ಕೆಲಸ, ನಿಂತೇ ಇರುವುದು ಇನ್ನೊಂದು. ಎರಡನೆಯದಕ್ಕೆ ಏರ್ಪಾಡು ಮೊದಲೇ ಮಾಡಿಟ್ಟಿರಬೇಕು.

ಮೊದಲ ಮೂರು ತಿಂಗಳು ಅತಿ ಕಷ್ಟದವು. ನಿದ್ದೆ ಸರಿಯಾಗಲು ಎಷ್ಟೋ ವಾರ ಬೇಕು, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಸಿಹಿ ತಿನ್ನಬೇಕೆನಿಸುತ್ತದೆ. ಕುಡಿಯುವ ಆಸೆ ಅಲೆಯಾಗಿ ಬಂದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಆ ಅರ್ಧ ಗಂಟೆಗೆ ಏನು ಮಾಡಬೇಕೆಂದು ಗೊತ್ತಿರಬೇಕು: ಹೊಟ್ಟೆ ತುಂಬ ಮುದ್ದೆ ಊಟ, ಒಬ್ಬ ಗೊತ್ತಾದ ಮನುಷ್ಯನಿಗೆ ಫೋನು, ಜೇಬಿನಲ್ಲಿ ನೂರು ರೂಪಾಯಿಗಿಂತ ಹೆಚ್ಚು ಇಲ್ಲದಿರುವುದು. ಬಾಡಿಗೆ ದುಡ್ಡು ನೇರ ಹೆಂಡತಿಯ ಖಾತೆಗೆ ಹೋಗಲಿ. ವೈನ್ ಸ್ಟೋರ್ ಮುಂದಿನ ದಾರಿ ಬಿಟ್ಟು ಇನ್ನೊಂದು ಕಿಲೋಮೀಟರ್ ಸುತ್ತಿ ಬನ್ನಿ. ಮಂಡಿ ಮಾಲೀಕರಿಗೆ ನೇರವಾಗಿ ಹೇಳಿ: ‘ಅಣ್ಣಾ, ನಾನು ಬಿಟ್ಟಿದ್ದೀನಿ. ಕ್ವಾರ್ಟರ್ ಬದಲು ಆ ದುಡ್ಡೇ ಕೊಡಿ.’ ಹೆಚ್ಚಿನ ಮಾಲೀಕರು ಕೊಡುತ್ತಾರೆ, ಅವರಿಗೂ ಎಚ್ಚರದಲ್ಲಿರುವ ಚಾಲಕ ಬೇಕು.

ಮುಂದೆ ಕಾಯುವುದು ಹೊಸತೊಡಕು, ಬೀಗರೂಟ, ಊರಹಬ್ಬ, ಚುನಾವಣೆ. ಯುಗಾದಿಯ ಮರುದಿನ ಬೆಳಿಗ್ಗೆಯಿಂದಲೇ ಮಾಂಸ, ಇಸ್ಪೀಟು, ಎಣ್ಣೆ. ಮೊದಲ ವರ್ಷ ಆ ಊಟಗಳಿಗೆ ಹೋಗದಿರುವುದು ಒಳ್ಳೆಯದು. ಹೋಗಲೇಬೇಕಾದರೆ ಮೊದಲ ಪಂಕ್ತಿಯಲ್ಲಿ ಹೆಂಗಸರು ಮಕ್ಕಳ ಜೊತೆ ಕೂತು ಉಂಡು, ಅವರ ಜೊತೆಯೇ ಬಸ್ಸಿನಲ್ಲಿ ವಾಪಸ್. ಬೈಕ್ ಮನೆಯಲ್ಲೇ ಇರಲಿ. ‘ನನಗೋಸ್ಕರ ಒಂದೇ ಒಂದು’ ಎನ್ನುವ ಭಾವನಿಗೆ ‘ಮಾತ್ರೆ ತಗೋತಿದ್ದೀನಿ ಭಾವ, ಕುಡಿದರೆ ಆಸ್ಪತ್ರೆಗೆ ಹೊತ್ಕೊಂಡು ಹೋಗಬೇಕಾಗ್ತದೆ’ ಎಂದರೆ ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ.

ಜಾರಿದರೆ? ಬಹಳ ಮಂದಿ ಒಮ್ಮೆಯಾದರೂ ಜಾರುತ್ತಾರೆ. ಆಗ ಕೆಲಸವನ್ನು ಕೆಡಿಸುವುದು ಆ ಒಂದು ಪೆಗ್ಗಿಗಿಂತ ‘ಹೇಗೂ ಹೋಯ್ತಲ್ಲ’ ಎಂಬ ಯೋಚನೆ. ಅಲ್ಲೇ ನಿಲ್ಲಿಸಿ, ಕೀಲಿಯನ್ನು ಎದುರಿಗಿರುವವರ ಕೈಗೆ ಕೊಟ್ಟು, ಮನೆಗೆ ಫೋನ್ ಮಾಡಿ ನಿಜ ಹೇಳಿ, ಮರುದಿನ ಒಪಿಡಿಗೆ ಹೋಗಬೇಕು. ಮರುದಿನ ಗಾಡಿ ತೆಗೆಯುವುದು ಮೇಲಿನ ಗಂಟೆಗಳ ಲೆಕ್ಕ ಹಾಕಿದ ಮೇಲೆಯೇ. ಮನೆಯವರೂ ಆ ಫೋನಿಗೆ ಬೈದು ಉತ್ತರಿಸದಿದ್ದರೆ ಇನ್ನೊಮ್ಮೆ ಫೋನ್ ಬರುತ್ತದೆ.

ಲೈಸೆನ್ಸ್ ವಾಪಸ್ ಬಂದ ದಿನವೇ ನಂಬಿಕೆ ವಾಪಸ್ ಬರುವುದಿಲ್ಲ. ಸಂಜೆ ಗಾಡಿ ತೆಗೆಯುವಾಗ ಹೆಂಡತಿ ಹತ್ತಿರ ಬಂದು ಬಾಯಿ ವಾಸನೆ ನೋಡಿದರೆ ಅವಮಾನ ಎಂದುಕೊಳ್ಳದೆ ನಿಲ್ಲಬೇಕು. ಅದು ಅವಳ ಹಕ್ಕು. ಮಾತಿಗಿಂತ ಗಟ್ಟಿಯಾದ ಸಾಕ್ಷಿ ರಕ್ತಪರೀಕ್ಷೆಯಲ್ಲೂ ಸಿಗುತ್ತದೆ: ಜಿಜಿಟಿ ಎಂಬ ಲಿವರಿನ ಅಂಶ ಬಿಟ್ಟ ಕೆಲವು ವಾರಗಳಲ್ಲಿ ಇಳಿಯುತ್ತಾ ಬರುತ್ತದೆ, ಉಬ್ಬಿದ ಕೆಂಪು ರಕ್ತಕಣಗಳ ಗಾತ್ರ ಸರಿಹೋಗಲು ಮೂರು ನಾಲ್ಕು ತಿಂಗಳು ಬೇಕು. ಬೇರೆ ಕಾಯಿಲೆಗಳಲ್ಲೂ ಇವು ಏರುವುದರಿಂದ ಓದಿ ಹೇಳುವುದು ವೈದ್ಯರ ಕೆಲಸ. ಮನೋವೈದ್ಯರು 12 ತಿಂಗಳು ತೊಂದರೆಯಿಲ್ಲದೆ ಕಳೆದ ಮೇಲೆಯೇ ಅದನ್ನು ಸ್ಥಿರವಾದ ಚೇತರಿಕೆ ಎಂದು ಬರೆಯುತ್ತಾರೆ. ಮಾತ್ರೆ ನಿಂತ ಮೇಲೂ ಎರಡು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಒಪಿಡಿಗೆ ಹೋಗಿ ಬನ್ನಿ, ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಹೇಳಲು ಹಿಂಜರಿಯುವುದನ್ನು ಅವರು ಹೇಳುತ್ತಾರೆ.